ಎದೆಯ ನಡುವೆ ನೆರಳು ಕಂಡರೆ: ಲಿಂಫೋಮಾ ಪತ್ತೆಯ ದಾರಿ, ಎಕ್ಸ್‌ರೇಯಿಂದ ಪೆಟ್ ಸ್ಕ್ಯಾನ್‌ವರೆಗೆ

ನನ್ನ ಅಕ್ಕನ ಮಗನಿಗೆ ಆಗ 23 ವರ್ಷ. ಮನೆ ಉಡುಪಿ, ಕೆಲಸ ಮಣಿಪಾಲ. ಒಂದು ಮಳೆಗಾಲ ಪೂರ್ತಿ ಕೆಮ್ಮಿದ. ಮಳೆಗಾಲದಲ್ಲಿ ನಮ್ಮ ಕಡೆ ಕೆಮ್ಮದೇ ಇರುವವರು ಯಾರಿದ್ದಾರೆ ಹೇಳಿ? ಕಾಳುಮೆಣಸಿನ ಕಷಾಯ ಆಯಿತು, ಎರಡು ಸಲ ಆ್ಯಂಟಿಬಯೋಟಿಕ್ ಆಯಿತು. ಕೊನೆಗೊಂದು ಕ್ಲಿನಿಕ್‌ನಲ್ಲಿ ಉಬ್ಬಸ ಇರಬಹುದು ಎಂದು ಐದು ದಿನದ ಸ್ಟಿರಾಯ್ಡ್ ಮಾತ್ರೆ ಬರೆದುಕೊಟ್ಟರು. ಕೆಮ್ಮು ಮಾಯ. ಅಕ್ಕ ಕೃಷ್ಣ ಮಠಕ್ಕೆ ಹೋಗಿ ಕೈಮುಗಿದು ಬಂದಳು. ಮೂರು ವಾರಕ್ಕೆ ಕೆಮ್ಮು ವಾಪಸ್ ಬಂತು. ಆಗ ತೆಗೆಸಿದ ಎಕ್ಸ್‌ರೇಯಲ್ಲಿ ಎದೆಯ ನಡುವಿನ ಬಿಳಿ ನೆರಳು ಎರಡೂ ಕಡೆಗೆ ಅಗಲವಾಗಿತ್ತು.

ಅಲ್ಲಿಂದ ಕಾಯಿಲೆಯ ಹೆಸರು ಗೊತ್ತಾಗಲು ಏಳು ವಾರ ಹಿಡಿಯಿತು. ಅದರಲ್ಲಿ ಮೂರು ವಾರ ನಮ್ಮದೇ ತಪ್ಪಿನಿಂದ ಹೋಯಿತು. ಆ ಕಥೆ ಬಯಾಪ್ಸಿ ಭಾಗದಲ್ಲಿ ಬರುತ್ತದೆ. ನಾನು ಡಾಕ್ಟರ್ ಅಲ್ಲ, ಫೈಲು ಹಿಡಿದು ಅವನ ಹಿಂದೆ ಓಡಾಡಿದ ಸೋದರಮಾವ. ಯಾವ ಪರೀಕ್ಷೆ ಏಕೆ ಮಾಡುತ್ತಾರೆ, ಯಾವುದರ ನಂತರ ಯಾವುದು, ಮನೆಯವರು ಏನು ಕೇಳಬೇಕು ಎನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಚಿಕಿತ್ಸೆಯ ತೀರ್ಮಾನ ನಿಮ್ಮ ಡಾಕ್ಟರದ್ದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ಕ್ಯಾನ್ ಜಾಗ ತೋರಿಸುತ್ತದೆ, ಹೆಸರು ಹೇಳುವುದು ಬಯಾಪ್ಸಿಯ ತುಂಡು, ಅಂದರೆ ಗಂಟಿನಿಂದ ಪರೀಕ್ಷೆಗೆಂದು ತೆಗೆದ ಚೂರು. ಆ ತುಂಡು ಕೆಡದಂತೆ ನೋಡಿಕೊಳ್ಳುವುದೇ ಮನೆಯವರ ದೊಡ್ಡ ಕೆಲಸ.

ಹೆಜ್ಜೆ 1: ಲಕ್ಷಣಗಳನ್ನು ಬರೆದಿಟ್ಟುಕೊಳ್ಳಿ

ಕಾಲಿಗೆ ಗಾಯವಾದಾಗ ತೊಡೆಸಂದಿಯಲ್ಲಿ ಒಂದು ಗಂಟು ಏಳುತ್ತದಲ್ಲ, ಅದು ಲಿಂಫ್ ಗ್ರಂಥಿ. ಅಂಥವು ಕುತ್ತಿಗೆ, ಕಂಕುಳು, ಹೊಟ್ಟೆ, ಎದೆ ಎಲ್ಲ ಕಡೆ ಇವೆ. ಅವುಗಳಲ್ಲಿರುವ ಬಿಳಿ ರಕ್ತಕಣಗಳ ಕ್ಯಾನ್ಸರ್ ಲಿಂಫೋಮಾ. ಹಾಡ್ಜ್‌ಕಿನ್ ಎಂಬುದು ಒಂದು ಗುಂಪು. 1832ರಲ್ಲಿ ಲಂಡನ್ನಿನ ಥಾಮಸ್ ಹಾಡ್ಜ್‌ಕಿನ್ ವಿವರಿಸಿದ್ದರಿಂದ ಆ ಹೆಸರು. ಉಳಿದ ಎಲ್ಲವೂ ನಾನ್-ಹಾಡ್ಜ್‌ಕಿನ್. ಎದೆಯೊಳಗೆ, ಎರಡು ಶ್ವಾಸಕೋಶಗಳ ನಡುವಿನ ಜಾಗಕ್ಕೆ ಮೀಡಿಯಾಸ್ಟೈನಮ್ ಎನ್ನುತ್ತಾರೆ. ಹೃದಯ, ದೊಡ್ಡ ರಕ್ತನಾಳಗಳು, ಶ್ವಾಸನಾಳ, ಅನ್ನನಾಳ ಎಲ್ಲ ಅಲ್ಲೇ. ಗಂಟು ಬೆಳೆದರೆ ಒತ್ತುವುದು ಇವನ್ನೇ. ಕೆಮ್ಮು, ಎದೆ ಭಾರ, ಏದುಸಿರು ಬರುವುದು ಹಾಗಾಗಿ.

ಡಾಕ್ಟರು ಮೂರು ವಿಷಯ ತಪ್ಪದೆ ಕೇಳುತ್ತಾರೆ: ಬೇರೆ ಕಾರಣವಿಲ್ಲದೆ 38 ಡಿಗ್ರಿ ಸೆಲ್ಸಿಯಸ್ ದಾಟುವ ಜ್ವರ, ರಾತ್ರಿ ಬೆವರು, ಆರು ತಿಂಗಳಲ್ಲಿ ಶೇ. 10ಕ್ಕಿಂತ ಜಾಸ್ತಿ ತೂಕ ಇಳಿಕೆ. ಬೆವರಿನ ವಿಷಯದಲ್ಲಿ ಕರಾವಳಿಯವರು ಸ್ವಲ್ಪ ಯೋಚಿಸಿ ಉತ್ತರ ಕೊಡಬೇಕು. ಮೇ ತಿಂಗಳಲ್ಲಿ ಕರೆಂಟ್ ಹೋದರೆ ಮಂಗಳೂರಲ್ಲಿ ಬೆವರದವರಿಲ್ಲ. ಅವರು ಕೇಳುವುದು ಬನಿಯನ್ ಹಿಂಡುವಷ್ಟು, ಬೆಡ್‌ಶೀಟ್ ಬದಲಿಸುವಷ್ಟು ಬೆವರು. ನಮ್ಮ ಹುಡುಗ ಮೊದಲು "ಅದೆಂತದ್ದು ಇಲ್ಲ ಡಾಕ್ಟ್ರೇ" ಎಂದಿದ್ದ. ಅಕ್ಕ ಪಕ್ಕದಿಂದ ಹೇಳಿದಳು, "ದಿನಾ ಬೆಳಿಗ್ಗೆ ದಿಂಬಿನ ಕವರ್ ಒಗೆಯುವುದು ನಾನು." ಮೈ ಪೂರ್ತಿ ತುರಿಕೆ, ಮದ್ಯ ಕುಡಿದರೆ ಗಂಟು ನೋಯುವುದು ಕೂಡ ಹಾಡ್ಜ್‌ಕಿನ್‌ನಲ್ಲಿ ಕೆಲವರಿಗೆ ಇರುತ್ತದೆ. ಎರಡನೆಯದನ್ನು ಅಮ್ಮನ ಮುಂದೆ ಯಾವ ಹುಡುಗನೂ ಹೇಳುವುದಿಲ್ಲ. ಅವನನ್ನು ಒಬ್ಬನೇ ಒಳಗೆ ಕಳಿಸಿ.

ಮುಖ ಮತ್ತು ಕುತ್ತಿಗೆ ಊದಿಕೊಂಡರೆ, ಕುತ್ತಿಗೆ-ಎದೆಯ ರಕ್ತನಾಳಗಳು ಉಬ್ಬಿದರೆ, ಮಲಗಿದರೆ ಉಸಿರು ಕಟ್ಟಿದರೆ ಮಾತ್ರ ಈ ಹೆಜ್ಜೆಗಳನ್ನೆಲ್ಲ ಬಿಟ್ಟು ನೇರ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ತಲೆಯಿಂದ ರಕ್ತ ತರುವ ದೊಡ್ಡ ನಾಳವೋ ಶ್ವಾಸನಾಳವೋ ಒತ್ತಿಹೋಗಿರಬಹುದು. ದಾರಿಯಲ್ಲಿ ಮಲಗಿಸಬೇಡಿ, ಒರಗಿಸಿ ಕೂರಿಸಿ.

ಹೆಜ್ಜೆ 2: ಎಕ್ಸ್‌ರೇ

ಇದು ಸುಲಭ, ಅಗ್ಗ, ಬೇಗ ಆಗುತ್ತದೆ. ನಿಂತು, ಎದೆಯನ್ನು ಪ್ಲೇಟಿಗೆ ಒತ್ತಿ, ಪೂರ್ತಿ ಉಸಿರು ಎಳೆದುಕೊಂಡು ತೆಗೆದ ಚಿತ್ರ ಬೇಕು. ಮಂಚದಲ್ಲಿ ಮಲಗಿಸಿ ಮುಂದಿನಿಂದ ತೆಗೆದರೆ ಏನೂ ಇಲ್ಲದವರ ಎದೆಯ ನಡುವೆಯೂ ನೆರಳು ಅಗಲವಾಗಿ ಕಾಣುತ್ತದೆ. ಚಿನ್ನದ ಸರ, ಕರಿಮಣಿ, ಹುಕ್ಕು, ತಾಯಿತ ಎಲ್ಲ ತೆಗೆಯಬೇಕು. ಕರಿಮಣಿ ತೆಗೆಯಲು ಮನಸ್ಸಿಲ್ಲದವರು ಬಹಳ ಜನ. ಆದರೆ ನೋಡಬೇಕಾದ ಜಾಗ ಅದರ ಹಿಂದೆಯೇ ಇದೆ.

ಬದಿಯಿಂದ ಇನ್ನೊಂದು ಚಿತ್ರ ತೆಗೆದರೆ ನೆರಳು ಎದೆಮೂಳೆಯ ಹಿಂದಿದೆಯೋ ಬೆನ್ನಿನ ಕಡೆಯೋ ಎಂದು ಅಂದಾಜಾಗುತ್ತದೆ. ಹಾಡ್ಜ್‌ಕಿನ್‌ನಲ್ಲಿ ಗಂಟಿನ ಅಗಲ ಎದೆಯೊಳಗಿನ ಅಗಲದ ಮೂರರಲ್ಲಿ ಒಂದು ಭಾಗ ದಾಟಿದರೆ ಅದನ್ನು ಬಲ್ಕಿ ಎನ್ನುತ್ತಾರೆ. ರಿಪೋರ್ಟಿನಲ್ಲಿ ಆ ಪದ ಕಂಡರೆ ಅರ್ಥ ಇಷ್ಟೆ, ಗಾತ್ರ ದೊಡ್ಡದು.

ಎಕ್ಸ್‌ರೇ ನಾರ್ಮಲ್ ಬಂತೆಂದು ನಿಶ್ಚಿಂತೆಯಾಗಬೇಡಿ. ಹೃದಯದ ನೆರಳಿನ ಹಿಂದೆ ಸಣ್ಣ ಗಂಟುಗಳು ಅಡಗಿ ಕೂರುತ್ತವೆ. ಕೆಮ್ಮು, ಜ್ವರ ಮುಂದುವರಿದರೆ ಮತ್ತೆ ಹೋಗಿ ತೋರಿಸಿ.

ಹೆಜ್ಜೆ 3: ಕಾಂಟ್ರಾಸ್ಟ್ ಹಾಕಿದ ಸಿಟಿ

"ಕಾಂಟ್ರಾಸ್ಟ್ ಬೇಡ, ಸುಮ್ನೆ ಸಿಟಿ ಮಾಡಿಸಿ ಸಾಕು" ಎಂದು ಖರ್ಚು ಉಳಿಸಲು ಹೋಗಬೇಡಿ. ಕಾಂಟ್ರಾಸ್ಟ್ ಎಂದರೆ ರಕ್ತನಾಳಗಳು ಚಿತ್ರದಲ್ಲಿ ಎದ್ದು ಕಾಣಲೆಂದು ಇಂಜೆಕ್ಷನ್‌ನಲ್ಲಿ ಕೊಡುವ ದ್ರವ. ಕಾಂಟ್ರಾಸ್ಟ್ ಇಲ್ಲದಿದ್ದರೆ ರಕ್ತನಾಳವೂ ಗಂಟೂ ಒಂದೇ ಬೂದು ಬಣ್ಣ. ಯಾವುದು ಎಲ್ಲಿ ಮುಗಿಯುತ್ತದೆ ಎಂದು ಹೇಳುವುದು ಕಷ್ಟ.

ಹೋಗುವ ಮೊದಲು ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸುತ್ತಾರೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು ಅದನ್ನು ಹೇಳಬೇಕು. ಎಷ್ಟು ಗಂಟೆ ಖಾಲಿ ಹೊಟ್ಟೆ ಎಂದು ಸೆಂಟರ್‌ನಲ್ಲೇ ಹೇಳುತ್ತಾರೆ. ಇಂಜೆಕ್ಷನ್ ಹೋಗುವಾಗ ಮೈ ಬಿಸಿಯಾಗುತ್ತದೆ, ಬಾಯಲ್ಲಿ ಲೋಹದ ರುಚಿ ಬರುತ್ತದೆ, ಮೂತ್ರ ಹೋಯಿತೇನೋ ಅನ್ನಿಸುತ್ತದೆ. ಹೋಗಿರುವುದಿಲ್ಲ. ಒಂದು ನಿಮಿಷದಲ್ಲಿ ಸರಿಯಾಗುತ್ತದೆ.

ನಮ್ಮ ಕಡೆ ಒಂದು ಪ್ರಶ್ನೆ ಯಾವಾಗಲೂ ಬರುತ್ತದೆ. ಸಿಗಡಿ ತಿಂದರೆ ಮೈ ತುರಿಸುತ್ತದೆ, ಕಾಂಟ್ರಾಸ್ಟ್‌ನಲ್ಲಿ ಅಯೋಡಿನ್ ಇದೆಯಂತೆ, ಆಗುತ್ತದಾ? ಸಿಗಡಿಯ ಅಲರ್ಜಿ ಅದರ ಪ್ರೋಟೀನಿನಿಂದ ಬರುವುದು, ಅಯೋಡಿನ್‌ನಿಂದ ಅಲ್ಲ. ಅಲರ್ಜಿ ಏನಿದ್ದರೂ ಹೇಳಿ, ಆದರೆ ಅದೊಂದೇ ಕಾರಣಕ್ಕೆ ಸ್ಕ್ಯಾನ್ ಬಿಡಬೇಕಾಗಿಲ್ಲ. ಹಿಂದೆ ಕಾಂಟ್ರಾಸ್ಟ್‌ನಿಂದಲೇ ತೊಂದರೆ ಆದವರ ವಿಷಯ ಬೇರೆ. ಅಂಥವರಿಗೆ ಮುನ್ನೆಚ್ಚರಿಕೆಗೆ ಸ್ಟಿರಾಯ್ಡ್ ಕೊಡುವ ಪದ್ಧತಿ ಇದೆ. ಬಯಾಪ್ಸಿ ಇನ್ನೂ ಆಗಿಲ್ಲ, ಲಿಂಫೋಮಾ ಸಂಶಯ ಇದೆ ಎಂದು ಆಗ ಬಾಯಿಬಿಟ್ಟು ಹೇಳಬೇಕು. ಏಕೆ ಎಂದು ಮುಂದೆ ಗೊತ್ತಾಗುತ್ತದೆ.

ರೇಡಿಯಾಲಜಿಸ್ಟ್ ಸಿಟಿಯಲ್ಲಿ ಏನು ನೋಡುತ್ತಾರೆ? ಮೊದಲು ಜಾಗ. ಎದೆಮೂಳೆಯ ಹಿಂದೆ, ಹೃದಯದ ಮುಂದೆ ಗಡ್ಡೆ ಇದ್ದರೆ ನಾಲ್ಕು ಮನೆಯವರ ಮೇಲೆ ಸಂಶಯ: ಲಿಂಫೋಮಾ, ಅಲ್ಲೇ ಇರುವ ಥೈಮಸ್ ಗ್ರಂಥಿಯ ಗಡ್ಡೆ (ಥೈಮೋಮಾ), ವೀರ್ಯ-ಅಂಡಾಣು ಹುಟ್ಟಿಸುವ ಬಗೆಯ ಕಣಗಳಿಂದಾಗುವ ಟೆರಟೋಮಾದಂಥ ಜರ್ಮ್ ಸೆಲ್ ಗಡ್ಡೆ, ಕುತ್ತಿಗೆಯಿಂದ ಇಳಿದ ಥೈರಾಯ್ಡ್. ಒಳಗೆ ಕೊಬ್ಬು, ಸುಣ್ಣದ ಚೂರು, ಕೆಲವೊಮ್ಮೆ ಹಲ್ಲು ಕೂಡ ಕಂಡರೆ ಟೆರಟೋಮಾ. ಥೈರಾಯ್ಡ್ ಆದರೆ ಕುತ್ತಿಗೆಗೆ ಕೊಂಡಿ ಇರುತ್ತದೆ. ಥೈಮೋಮಾ ಹೆಚ್ಚಾಗಿ ನಲವತ್ತು ದಾಟಿದವರಲ್ಲಿ. ಲಿಂಫೋಮಾಗೆ ಒಂದು ಗುಣ ಇದೆ. ಅದು ರಕ್ತನಾಳಗಳನ್ನು ತಳ್ಳಿ ಹಾಳು ಮಾಡುವುದಕ್ಕಿಂತ ಸುತ್ತ ಹಬ್ಬಿ ಅಪ್ಪಿಕೊಳ್ಳುತ್ತದೆ, ಹಲಸಿನ ತೊಳೆಯ ಸುತ್ತ ರಚ್ಚೆ ಇದ್ದ ಹಾಗೆ. ಅಕ್ಕಪಕ್ಕ ಇನ್ನೂ ಹಲವು ಗಂಟುಗಳಿರುತ್ತವೆ. ಚಿಕಿತ್ಸೆಗೆ ಮೊದಲು ಸುಣ್ಣದ ಚೂರು ಕಾಣುವುದು ಅಪರೂಪ.

ವಯಸ್ಸೂ ಸುಳಿವು ಕೊಡುತ್ತದೆ. ಇಪ್ಪತ್ತು-ಮೂವತ್ತರ ಆಸುಪಾಸಿನವರಿಗೆ ನೊಡ್ಯುಲರ್ ಸ್ಕ್ಲೆರೋಸಿಸ್ ಎಂಬ ಬಗೆಯ ಹಾಡ್ಜ್‌ಕಿನ್. ಮೂವತ್ತರ ಆಸುಪಾಸಿನ ಹೆಂಗಸರಲ್ಲಿ ಮೀಡಿಯಾಸ್ಟೈನಲ್ ಬಿ-ಸೆಲ್ ಲಿಂಫೋಮಾ. ಹದಿಹರೆಯದ ಹುಡುಗರಲ್ಲಿ ವಾರಗಳಲ್ಲೇ ಬೆಳೆಯುವ ಟಿ-ಲಿಂಫೋಬ್ಲಾಸ್ಟಿಕ್. ಇವೆಲ್ಲ ಊಹೆಗಳು. ಊಹೆಯ ಮೇಲೆ ಯಾರೂ ಕೀಮೋ ಕೊಡುವುದಿಲ್ಲ.

ನಡುವೆ ಬರುವ ಟಿಬಿ ಪ್ರಶ್ನೆ

ನಮ್ಮ ದೇಶದಲ್ಲಿ ಎದೆಯೊಳಗೆ ಗಂಟು ಕಂಡರೆ ಮೊದಲು ಬಾಯಿಗೆ ಬರುವ ಹೆಸರು ಟಿಬಿ. ಅದು ಸಹಜವೇ. ಜ್ವರ, ಬೆವರು, ತೂಕ ಇಳಿಕೆ ಎರಡಕ್ಕೂ ಒಂದೇ. ಸಿಟಿಯಲ್ಲಿ ಟಿಬಿಯ ಗಂಟಿಗೆ ಹಲವು ಸಲ ನಡುವೆ ಕಪ್ಪು, ಸುತ್ತ ಬಿಳಿ ಅಂಚು ಇರುತ್ತದೆ, ಒಳಗೆ ಕೊಳೆತಿರುವುದರಿಂದ. ಲಿಂಫೋಮಾದ ಗಂಟು ಹೆಚ್ಚಾಗಿ ಒಂದೇ ಸಮ. ಎರಡೂ ಕಡೆ ಶ್ವಾಸನಾಳ ಶ್ವಾಸಕೋಶಕ್ಕೆ ಸೇರುವ ಬುಡದಲ್ಲಿ ತೂಗಿ ನೋಡಿದ ಹಾಗೆ ಸಮ ಸಮ ಗಂಟು ಇದ್ದರೆ ಸಾರ್ಕಾಯ್ಡೋಸಿಸ್ (ಕ್ಯಾನ್ಸರೂ ಅಲ್ಲದ, ಟಿಬಿಯೂ ಅಲ್ಲದ ಒಂದು ಉರಿಯೂತದ ಕಾಯಿಲೆ) ಕೂಡ ಲೆಕ್ಕಕ್ಕೆ ಬರುತ್ತದೆ. ಆದರೆ ಲಿಂಫೋಮಾವೂ ಒಳಗೆ ಕೊಳೆಯಬಹುದು. ಚಿತ್ರ ನೋಡಿ ಆಣೆ ಮಾಡುವ ಹಾಗಿಲ್ಲ.

"ಮೊದಲು ಟಿಬಿ ಮಾತ್ರೆ ಶುರು ಮಾಡೋಣ, ಎರಡು ತಿಂಗಳು ನೋಡೋಣ" ಎಂದರೆ ಒಂದು ಪ್ರಶ್ನೆ ಕೇಳಿ: ತುಂಡು ತೆಗೆದು ಪರೀಕ್ಷೆ ಮಾಡಲು ಆಗುವುದಿಲ್ಲವಾ? ಬಯಾಪ್ಸಿಯಲ್ಲಿ ಗ್ರಾನುಲೋಮಾ (ಟಿಬಿಯಲ್ಲಿ ಸಾಮಾನ್ಯವಾಗಿ ಕಾಣುವ ಉರಿಯೂತದ ಕಣಗಳ ಗುಂಪು) ಎಂದು ಬಂದರೂ ಕಥೆ ಮುಗಿಯಲಿಲ್ಲ. ಹಾಡ್ಜ್‌ಕಿನ್ ಗಂಟಿನಲ್ಲೂ ಗ್ರಾನುಲೋಮಾ ಇರಬಹುದು. ಇನ್ನೊಂದು ಕಡೆ, ನಿಜವಾದ ಟಿಬಿ ಗಂಟು ಮಾತ್ರೆ ಶುರುವಾದ ಮೇಲೆ ಸ್ವಲ್ಪ ದಿನ ದೊಡ್ಡದಾಗುವುದೂ ಉಂಟು. ಗಂಟು ಬೆಳೆಯುತ್ತಾ ಹೋದರೆ ಮಾತ್ರೆ ಬಿಡಬೇಡಿ, ಡಾಕ್ಟರನ್ನು ನೋಡಿ ಮತ್ತೊಮ್ಮೆ ಬಯಾಪ್ಸಿಯ ಮಾತು ತೆಗೆಯಿರಿ.

ಹೆಜ್ಜೆ 4: ರಕ್ತ ಪರೀಕ್ಷೆ

ರಕ್ತ ಪರೀಕ್ಷೆಯಿಂದ ಲಿಂಫೋಮಾ ಇದೆ ಎಂದೂ ಹೇಳಲಾಗದು, ಇಲ್ಲ ಎಂದೂ ಹೇಳಲಾಗದು. ಸಿಬಿಸಿ (ರಕ್ತಕಣಗಳ ಎಣಿಕೆ), ಇಎಸ್‌ಆರ್ (ಉರಿಯೂತದ ಸುಳಿವು), ಎಲ್‌ಡಿಎಚ್ (ಕಣಗಳು ಹಾಳಾದಾಗ ಏರುವ ಕಿಣ್ವ), ಯೂರಿಕ್ ಆಸಿಡ್, ಲಿವರ್, ಕಿಡ್ನಿ, ಎಚ್‌ಐವಿ, ಹೆಪಟೈಟಿಸ್ ಬಿ ಮಾಡಿಸುತ್ತಾರೆ. ಎಚ್‌ಐವಿ ಪರೀಕ್ಷೆ ಎಂದ ಕೂಡಲೇ ಬೇಜಾರು ಮಾಡಿಕೊಳ್ಳಬೇಡಿ, ಎಲ್ಲರಿಗೂ ಮಾಡುತ್ತಾರೆ. ಹುಡುಗರಾದರೆ ಎಎಫ್‌ಪಿ, ಬೀಟಾ ಎಚ್‌ಸಿಜಿ ಎಂದೂ ಬರೆಯಬಹುದು. ಬೀಟಾ ಎಚ್‌ಸಿಜಿ ನೋಡಿ ನಮ್ಮ ಹುಡುಗ ಬೆಚ್ಚಿದ, "ಮಾವ, ಇದು ಬಸುರಿಯರ ಟೆಸ್ಟ್ ಅಲ್ವಾ?" ಅದೇ ಟೆಸ್ಟ್. ಕೆಲವು ಜರ್ಮ್ ಸೆಲ್ ಗಡ್ಡೆಗಳಲ್ಲಿ ಅದೂ ಎಎಫ್‌ಪಿಯೂ ಏರುತ್ತವೆ.

ಹೆಜ್ಜೆ 5: ಬಯಾಪ್ಸಿ, ಇಡೀ ದಾರಿಯ ನಡುಗಂಬ

ನಮ್ಮ ತಪ್ಪು ಇಲ್ಲಿದೆ. ಬಯಾಪ್ಸಿಗೆ ಡೇಟ್ ಸಿಕ್ಕಿತ್ತು, ನಡುವೆ ಎಂಟು ದಿನ ಇತ್ತು. ಕೆಮ್ಮು ತಡೆಯಲಾಗದೆ ಹುಡುಗ ಹಳೆ ಚೀಟಿ ತೋರಿಸಿ ಮೆಡಿಕಲ್‌ನಿಂದ ಅದೇ ಸ್ಟಿರಾಯ್ಡ್ ತಂದು ನುಂಗಿದ. ಹೇಳಲೂ ಇಲ್ಲ. ಸ್ಟಿರಾಯ್ಡ್ ಲಿಂಫೋಮಾದ ಕಣಗಳನ್ನು ಕೊಲ್ಲುತ್ತದೆ, ಗಂಟು ತಾತ್ಕಾಲಿಕವಾಗಿ ಕುಗ್ಗುತ್ತದೆ. ಮೊದಲ ಸಲ ಕೆಮ್ಮು ಮಾಯವಾದದ್ದರ ಗುಟ್ಟೂ ಇದೇ ಇರಬೇಕು. ಎದೆಗೆ ಸೂಜಿ ಹಾಕಿ ತೆಗೆದ ತುಂಡಿನಲ್ಲಿ ಸತ್ತ ಕಣಗಳೇ ಜಾಸ್ತಿ ಇದ್ದವು. ರಿಪೋರ್ಟ್ ಬಂತು: ನಿರ್ಣಯ ಸಾಧ್ಯವಿಲ್ಲ, ಮತ್ತೆ ಬಯಾಪ್ಸಿ ಮಾಡಿ. ಮೂರು ವಾರ ನೀರಿಗೆ ಹೋಯಿತು.

ಹಾಗಾಗಿ ಪ್ರೆಡ್ನಿಸೊಲೋನ್, ಡೆಕ್ಸಾಮೆಥಸೋನ್, ಮಿಥೈಲ್‌ಪ್ರೆಡ್ನಿಸೊಲೋನ್ ಎಂಬ ಹೆಸರಿನ ಯಾವುದನ್ನೂ ಬಯಾಪ್ಸಿಗೆ ಮೊದಲು ನೀವಾಗಿ ನುಂಗಬೇಡಿ. ಮೊದಲೇ ತೆಗೆದುಕೊಂಡಿದ್ದರೆ ಯಾವ ದಿನ, ಎಷ್ಟು ಎಂದು ಹೇಳಿ. ಉಸಿರಿಗೇ ಅಪಾಯ ಬಂದು ಡಾಕ್ಟರೇ ಕೊಟ್ಟರೆ ಬೇಡ ಎನ್ನಬೇಡಿ, ಜೀವ ಮೊದಲು.

ಎಲ್ಲಿಂದ ತುಂಡು ತೆಗೆಯಬೇಕು? ಕೈಗೆ ಸುಲಭವಾಗಿ ಸಿಗುವ ಜಾಗದಿಂದ. ಎದೆಯೊಳಗೆ ದೊಡ್ಡ ಗಡ್ಡೆ ಇದ್ದರೂ ಕಾಲರ್ ಮೂಳೆಯ ಮೇಲೆ ಸಣ್ಣದೊಂದು ಗಂಟು ಇರಬಹುದು. ಕೈಗೆ ಸಿಗದಿದ್ದರೂ ಅಲ್ಟ್ರಾಸೌಂಡ್‌ನಲ್ಲಿ ಕಾಣುತ್ತದೆ. ಎರಡನೇ ಸಲ ನಮಗೆ ಆದದ್ದು ಅದೇ. ಕುತ್ತಿಗೆಯ ಅಲ್ಟ್ರಾಸೌಂಡ್‌ನಲ್ಲಿ ಎಡಗಡೆ ಒಂದು ಗಂಟು ಸಿಕ್ಕಿತು. ಬರೀ ಅಷ್ಟು ಜಾಗ ಮರಗಟ್ಟಿಸಿ ಇಡೀ ಗಂಟನ್ನೇ ತೆಗೆದರು. ಸಂಜೆ ಮನೆಗೆ ಬಂದು ಗಂಜಿ-ಚಟ್ನಿ ಉಂಡ. ಎದೆಗೆ ಸೂಜಿ ಹಾಕುವ ಮೊದಲು "ಕುತ್ತಿಗೆ, ಕಂಕುಳು ಒಮ್ಮೆ ಸ್ಕ್ಯಾನ್ ಮಾಡಿ ನೋಡಬಹುದಾ?" ಎಂದು ಕೇಳಿ.

ಎದೆಯಿಂದಲೇ ತೆಗೆಯಬೇಕಾದರೆ ದಾರಿ ಹಲವು. ಸಿಟಿ ನೋಡುತ್ತಾ ದಪ್ಪ ಸೂಜಿಯಿಂದ ಕೋರ್ ಬಯಾಪ್ಸಿ. ಶ್ವಾಸನಾಳದೊಳಗೆ ಕ್ಯಾಮೆರಾ-ಅಲ್ಟ್ರಾಸೌಂಡ್ ಇಳಿಸಿ ಇಬಸ್. ಆಪರೇಷನ್ ಥಿಯೇಟರ್‌ನಲ್ಲಿ ಮೀಡಿಯಾಸ್ಟಿನೋಸ್ಕೊಪಿ (ಕುತ್ತಿಗೆಯ ಬುಡದಲ್ಲಿ ಸಣ್ಣದಾಗಿ ಕೊಯ್ದು ನಳಿಗೆ ಇಳಿಸುವುದು) ಅಥವಾ ವ್ಯಾಟ್ಸ್ (ಪಕ್ಕೆಲುಬುಗಳ ನಡುವಿನಿಂದ ಕ್ಯಾಮೆರಾ ಹಾಕುವುದು). ತೆಳು ಸೂಜಿಯ ಎಫ್‌ಎನ್‌ಎಸಿ ಮಾತ್ರ ಸಾಲದು. ಅದರಲ್ಲಿ ಬಿಡಿ ಬಿಡಿ ಕಣ ಸಿಗುತ್ತದೆ, ಗಂಟಿನ ಕಟ್ಟು ಕಾಣುವುದಿಲ್ಲ. ಹಾಡ್ಜ್‌ಕಿನ್‌ನಲ್ಲಂತೂ ರೀಡ್-ಸ್ಟರ್ನ್‌ಬರ್ಗ್ ಎಂಬ ಆ ದೊಡ್ಡ ಕ್ಯಾನ್ಸರ್ ಕಣಗಳು ಗಂಟಿನಲ್ಲಿ ಬಹಳ ಕಡಿಮೆ, ಉಳಿದವೆಲ್ಲ ಸಾಮಾನ್ಯ ಕಣಗಳು. ಗದ್ದೆಯಲ್ಲಿ ಎರಡು ತೆನೆ ಕಿತ್ತು ಕಳೆ ಇಲ್ಲ ಎಂದ ಹಾಗಾಗುತ್ತದೆ.

ಮುಂದಿನ ಎದೆಯಲ್ಲಿ ದೊಡ್ಡ ಗಡ್ಡೆ ಇರುವವರಿಗೆ ಪೂರ್ತಿ ಅರಿವಳಿಕೆ ಕೊಡುವುದು ಅಪಾಯ. ಸ್ನಾಯು ಸಡಿಲವಾದಾಗ ಗಡ್ಡೆ ಶ್ವಾಸನಾಳದ ಮೇಲೆ ಕೂರಬಹುದು. ಮಲಗಿದರೆ ಕೆಮ್ಮು ಜಾಸ್ತಿಯಾಗುತ್ತದೆಯಾ ಎಂದು ಅರಿವಳಿಕೆ ಡಾಕ್ಟರ್ ಕೇಳುವುದು ಅದಕ್ಕೆ. ಬೇಗ ಮುಗಿಯಲಿ ಎಂದು "ಏನಿಲ್ಲ, ಏನಿಲ್ಲ" ಎನ್ನಬೇಡಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೂ ಹೇಳಿ. ಎದೆಗೆ ಸೂಜಿ ಹಾಕಿದ ಮೇಲೆ ಶ್ವಾಸಕೋಶದ ಸುತ್ತ ಗಾಳಿ ಸೇರಿದೆಯೇ ಎಂದು ನೋಡಿಯೇ ಮನೆಗೆ ಬಿಡುತ್ತಾರೆ.

ಇನ್ನು ಡಬ್ಬಿಯ ವಿಷಯ. ಲಿಂಫೋಮಾ ನೋಡಲು ತುಂಡು ಫಾರ್ಮಲಿನ್ ಎಂಬ ಕೆಡದಂತೆ ಇಡುವ ದ್ರವದಲ್ಲಿ ಹೋಗುತ್ತದೆ. ಟಿಬಿಯ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವುದು) ಮತ್ತು ಸಿಬಿನಾಟ್ (ಟಿಬಿ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ) ಪರೀಕ್ಷೆಗೆ ಇನ್ನೊಂದು ತುಂಡು ಸಾದಾ ಸಲೈನ್‌ನಲ್ಲಿ ಹೋಗಬೇಕು. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿದರೆ ಕಲ್ಚರ್ ಮಾಡುವ ಹಾಗಿಲ್ಲ, ಬ್ಯಾಕ್ಟೀರಿಯಾ ಸತ್ತಿರುತ್ತದೆ. "ಟಿಬಿಗೂ ಒಂದು ತುಂಡು ಸಲೈನ್‌ನಲ್ಲಿ ಕಳಿಸುತ್ತೀರಲ್ವಾ?" ಎಂದು ಮುಂಚಿನ ದಿನವೇ ವಿನಯವಾಗಿ ಕೇಳಿ. ಬೇಜಾರು ಮಾಡಿಕೊಳ್ಳುವ ಡಾಕ್ಟರು ನನಗಂತೂ ಸಿಗಲಿಲ್ಲ.

ಹೆಜ್ಜೆ 6: ರಿಪೋರ್ಟ್ ಎರಡು ಕಂತಿನಲ್ಲಿ ಬರುತ್ತದೆ

ಮೊದಲ ರಿಪೋರ್ಟಿನಲ್ಲಿ ಲಿಂಫೋಮಾ ಇರಬಹುದು, ಐಎಚ್‌ಸಿ ಮಾಡಿಸಿ ಎಂದಿರುತ್ತದೆ. ಇಮ್ಯುನೊಹಿಸ್ಟೊಕೆಮಿಸ್ಟ್ರಿ ಎಂದರೆ ಕಣದ ಮೈಮೇಲಿರುವ ಗುರುತುಗಳಿಗೆ ಬಣ್ಣ ಹಚ್ಚಿ ನೋಡುವುದು. ಆ ಗುರುತುಗಳಿಗೆ ಸಿಡಿ ಎಂದು ಹೆಸರು, ಜೊತೆಗೊಂದು ನಂಬರ್. ಸಿಡಿ30, ಸಿಡಿ15 ಇದ್ದರೆ ಸಾಮಾನ್ಯ ಹಾಡ್ಜ್‌ಕಿನ್ ಕಡೆ. ಸಿಡಿ20 ಬಿ-ಸೆಲ್‌ನ ಗುರುತು, ಸಿಡಿ3 ಟಿ-ಸೆಲ್‌ನದು; ಇವೆರಡೂ ಬಿಳಿ ರಕ್ತಕಣದ ಬಗೆಗಳು. ಕೆಐ-67 ಎಂದರೆ ಕಣಗಳು ಎಷ್ಟು ಜೋರಾಗಿ ಹೆಚ್ಚುತ್ತಿವೆ ಎನ್ನುವ ಲೆಕ್ಕ. ಅಕ್ಕ ಫೋನಿನಲ್ಲಿ ಇದನ್ನೆಲ್ಲ ಕೇಳಿ, "ಆ ಸಿಡಿ ಇನ್ನೂ ಕೊಡಲಿಲ್ಲವಾ ಮಾರಾಯ? ಸ್ಕ್ಯಾನಿಂಗಿನವರು ಅವತ್ತೇ ಕೊಟ್ಟಿದ್ದರು" ಎಂದಳು. ಏಳು ವಾರದಲ್ಲಿ ಹುಡುಗ ನಕ್ಕದ್ದು ಅವತ್ತೇ.

ಐಎಚ್‌ಸಿಗೆ ಕೆಲವು ದಿನ ಹೆಚ್ಚು ಬೇಕು, ದುಡ್ಡೂ ಬೇರೆ. ಇದನ್ನು ಬಿಡುವ ಹಾಗಿಲ್ಲ, ಔಷಧಿ ಯಾವುದು ಎಂದು ತೀರ್ಮಾನವಾಗುವುದೇ ಇದರಿಂದ. ಸಂಶಯ ಉಳಿದರೆ ಸ್ಲೈಡ್ ಮತ್ತು ಆ ತುಂಡನ್ನು ಕೂರಿಸಿಟ್ಟ ಮೇಣದ ಬ್ಲಾಕ್ ಕೇಳಿ ಪಡೆದು ಇನ್ನೊಂದು ಕಡೆ ತೋರಿಸಬಹುದು. ಬೆಂಗಳೂರಿನ ಕಿದ್ವಾಯಿ ಇದೆ, ಮುಂಬೈಯ ಟಾಟಾ ಮೆಮೋರಿಯಲ್ ಇದೆ. ಮುಂಬೈಯಲ್ಲಿ ನೆಂಟರಿಲ್ಲದ ಮನೆ ನಮ್ಮ ಕರಾವಳಿಯಲ್ಲಿ ಕಮ್ಮಿ. ಬ್ಲಾಕ್ ಹಿಡಿದು ರಾತ್ರಿ ರೈಲು ಹತ್ತಲು ಯಾರಾದರೂ ಸಿಕ್ಕೇ ಸಿಗುತ್ತಾರೆ. ಬಿಸಿಲಿಗೆ ಇಡಬೇಡಿ, ಮೇಣ ಕರಗುತ್ತದೆ.

ಹೆಜ್ಜೆ 7: ಪೆಟ್-ಸಿಟಿ

ಗ್ಲೂಕೋಸ್‌ನಂಥ ವಸ್ತುವಿಗೆ ಸ್ವಲ್ಪ ವಿಕಿರಣ ಸೇರಿಸಿ ಇಂಜೆಕ್ಷನ್ ಕೊಡುತ್ತಾರೆ. ಹೆಸರು ಎಫ್‌ಡಿಜಿ. ಹಸಿದ ಕ್ಯಾನ್ಸರ್ ಕಣ ಅದನ್ನು ಜಾಸ್ತಿ ಹೀರಿ ಚಿತ್ರದಲ್ಲಿ ಹೊಳೆಯುತ್ತದೆ. ಕಾಯಿಲೆ ಎಲ್ಲೆಲ್ಲಿ ಹರಡಿದೆ ಎಂದು ತಲೆಯಿಂದ ತೊಡೆಯವರೆಗೆ ಒಂದೇ ಸಲ ನೋಡಬಹುದು. ಕೀಮೋ ಶುರುವಾಗುವ ಮೊದಲೇ ಇದು ಆಗಬೇಕು. ಮುಂದೆ ಹೋಲಿಸಲು ಮೊದಲ ಚಿತ್ರ ಇರಬೇಕಲ್ಲ.

ಹಿಂದಿನ ದಿನ ಅನ್ನ, ಗಂಜಿ, ನೀರುದೋಸೆ, ಸಿಹಿ ಕಮ್ಮಿ ಮಾಡಲು ಹೇಳುತ್ತಾರೆ. ಮೊಟ್ಟೆ, ಮೀನು, ಪನೀರ್, ತರಕಾರಿ ಪರವಾಗಿಲ್ಲ. ಬಂಗುಡೆ ತಿನ್ನಿ ಎಂದು ಆಸ್ಪತ್ರೆಯವರೇ ಹೇಳುವ ದಿನ ಅದೊಂದೇ ಇರಬೇಕು. ಸ್ಕ್ಯಾನ್‌ಗೆ ಕನಿಷ್ಠ 6 ಗಂಟೆ ಮೊದಲಿನಿಂದ ಬರೀ ನೀರು. ಹಿಂದಿನ ದಿನ ಜಿಮ್, ಓಟ, ಕ್ರಿಕೆಟ್ ಬೇಡ, ದಣಿದ ಸ್ನಾಯು ಕೂಡ ಹೊಳೆಯುತ್ತದೆ. ರಕ್ತದ ಸಕ್ಕರೆ 200 ದಾಟಿದರೆ ಮುಂದೂಡಬಹುದು. ಚಳಿ ಆದರೆ ಕುತ್ತಿಗೆಯ ಒಂದು ಬಗೆಯ ಕೊಬ್ಬು ಉರಿದು ಅದೂ ಹೊಳೆಯುತ್ತದೆ, ಗಂಟೋ ಕೊಬ್ಬೋ ಎಂದು ಗೊಂದಲ. ಹೊರಗೆ ಸೆಕೆ ಎಂದು ತೆಳ್ಳಗಿನ ಅಂಗಿ ಹಾಕಿ ಹೋಗಬೇಡಿ, ಒಳಗಿನ ಎಸಿಗೆ ಒಂದು ಶಾಲು ಬೇಕು.

ಎಫ್‌ಡಿಜಿಯ ವಿಕಿರಣ ಪ್ರತಿ 110 ನಿಮಿಷಕ್ಕೆ ಅರ್ಧ ಆಗುತ್ತದೆ. ತಡವಾದರೆ ಕಾದು ಕೂರಲು ಅದಕ್ಕಾಗದು. ಮಂಗಳೂರಿಗೆ ಹೋಗುವವರು ಪಂಪ್‌ವೆಲ್‌ನ ಟ್ರಾಫಿಕ್ ಲೆಕ್ಕ ಹಾಕಿ ಹೊರಡಿ. ಇಂಜೆಕ್ಷನ್ ಆದ ಮೇಲೆ ಸುಮಾರು ಒಂದು ಗಂಟೆ ಸುಮ್ಮನೆ ಮಲಗಬೇಕು, ಮೊಬೈಲ್ ಬೇಡ, ಮಾತು ಬೇಡ. ಮುಗಿದ ಮೇಲೆ ನೀರು ಚೆನ್ನಾಗಿ ಕುಡಿಯಿರಿ, ಅವತ್ತು ಸಣ್ಣ ಮಕ್ಕಳು ಮತ್ತು ಬಸುರಿಯರಿಂದ ದೂರ ಇರಿ.

ಇದರಿಂದ ಹಂತ ಗೊತ್ತಾಗುತ್ತದೆ. ಒಂದೇ ಜಾಗದಲ್ಲಿದ್ದರೆ 1. ವಪೆಯ (ಎದೆ-ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ) ಒಂದೇ ಕಡೆ ಎರಡು ಅಥವಾ ಜಾಸ್ತಿ ಜಾಗವಾದರೆ 2. ವಪೆಯ ಮೇಲೂ ಕೆಳಗೂ ಇದ್ದರೆ 3. ಲಿವರ್, ಮೂಳೆಮಜ್ಜೆಗಳಿಗೆ ಹರಡಿದ್ದರೆ 4. ಜ್ವರ-ಬೆವರು-ತೂಕ ಇಳಿಕೆಯಲ್ಲಿ ಯಾವುದೊಂದಿದ್ದರೂ ಬಿ, ಯಾವುದೂ ಇಲ್ಲದಿದ್ದರೆ ಎ. ನಮ್ಮ ಹುಡುಗನದ್ದು 2ಬಿ. ಬೇರೆ ಕ್ಯಾನ್ಸರ್‌ಗಳ ನಾಲ್ಕನೇ ಹಂತಕ್ಕೂ ಇದರ ನಾಲ್ಕಕ್ಕೂ ತುಂಬಾ ವ್ಯತ್ಯಾಸ ಇದೆ. ಇಲ್ಲಿ ನಾಲ್ಕನೆಯದರಲ್ಲೂ ಗುಣವಾಗುವವರು ಬಹಳ ಜನ. ಹಾಡ್ಜ್‌ಕಿನ್‌ನಲ್ಲಿ ಪೆಟ್ ಆಗಿದ್ದರೆ ಸಾಮಾನ್ಯವಾಗಿ ಮೂಳೆಮಜ್ಜೆಗೆ ಸೂಜಿ ಹಾಕುವುದು ಬೇಕಾಗುವುದಿಲ್ಲ.

ಕಾಗದ-ಪತ್ರ

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಮಂಗಳೂರಿನಲ್ಲಿ ವೆನ್ಲಾಕ್. ಎರಡೂ ಕಡೆ ರೆಫರಲ್ ಬೇಕಾ ಎಂದು ಮೊದಲೇ ವಿಚಾರಿಸಿ. ರೇಷನ್ ಕಾರ್ಡ್, ಆಧಾರ್‌ನ ನಾಲ್ಕು ಜೆರಾಕ್ಸ್ ಬ್ಯಾಗಿನಲ್ಲಿರಲಿ. ಕೀಮೋಗೆ ಮೊದಲು ಹೃದಯದ ಎಕೋ ಮಾಡುತ್ತಾರೆ. ಮುಂದೆ ಮಕ್ಕಳಾಗಬೇಕು ಎನ್ನುವವರು ವೀರ್ಯ ಅಥವಾ ಅಂಡಾಣು ಶೇಖರಣೆಯ ವಿಷಯ ಕೇಳಬೇಕಾದದ್ದೂ ಆಗಲೇ. ಅಕ್ಕನಿಗೆ ಅದನ್ನು ಕೇಳಲು ಸಂಕೋಚ. ನಾನೇ ಕೇಳಿದೆ.

ಆಮೇಲಿನ ಸ್ಕ್ಯಾನ್‌ಗಳು

ಹಾಡ್ಜ್‌ಕಿನ್‌ನಲ್ಲಿ ಎರಡು ಸುತ್ತಿನ ಕೀಮೋ ಆದ ಮೇಲೆ ಮತ್ತೊಂದು ಪೆಟ್ ಮಾಡುವುದುಂಟು. ಅದಕ್ಕೆ ಡೋವಿಲ್ ಅಂಕ, 1ರಿಂದ 5. ಲಿವರ್ ಎಷ್ಟು ಹೊಳೆಯುತ್ತದೋ ಗಂಟು ಅದಕ್ಕಿಂತ ಹೆಚ್ಚು ಹೊಳೆಯದಿದ್ದರೆ 3ರೊಳಗೆ, ಸಾಮಾನ್ಯವಾಗಿ ಒಳ್ಳೆಯ ಸುದ್ದಿ. 4, 5 ಆದರೆ ಡಾಕ್ಟರು ಮದ್ದು ಬದಲಿಸುವ ಮಾತು ಎತ್ತಬಹುದು. ಗಂಟು ಇನ್ನೂ ಕಾಣುತ್ತಿದೆ ಎಂದು ಹೆದರಬೇಡಿ. ಕಾಯಿಲೆ ಹೋದ ಮೇಲೂ ಕಲೆಯ ಹಾಗೆ ಗಡ್ಡೆ ಉಳಿಯುತ್ತದೆ, ಹೊಳೆಯುತ್ತದೆಯೇ ಎನ್ನುವುದಷ್ಟೇ ಮುಖ್ಯ. ಹುಡುಗನ ಅಂಕ 2 ಬಂತು.

ಕೀಮೋ ಮುಗಿದು ಕೆಲವು ತಿಂಗಳಾದ ಮೇಲೆ ಮಾಡಿಸಿದ ಸ್ಕ್ಯಾನ್‌ನಲ್ಲಿ ಎದೆಮೂಳೆಯ ಹಿಂದೆ ಮತ್ತೆ ಏನೋ ಹೊಳೆಯಿತು. ಮನೆಯಲ್ಲಿ ಅವತ್ತು ರಾತ್ರಿ ಒಲೆ ಹಚ್ಚಲಿಲ್ಲ. ರೇಡಿಯಾಲಜಿಸ್ಟ್ ಹಳೆಯ ಸಿಡಿಗಳನ್ನೆಲ್ಲ ತರಿಸಿ ಪಕ್ಕಪಕ್ಕ ಇಟ್ಟು ನೋಡಿದರು. ಅದು ಥೈಮಸ್. ಕೀಮೋದಲ್ಲಿ ಕುಗ್ಗಿದ ಈ ಗ್ರಂಥಿ ಎಳೆಯ ವಯಸ್ಸಿನವರಲ್ಲಿ ಮತ್ತೆ ಚಿಗುರಿ ದೊಡ್ಡದಾಗುತ್ತದೆ, ಪೆಟ್‌ನಲ್ಲಿ ಹೊಳೆಯುತ್ತದೆ ಕೂಡ. ತ್ರಿಕೋನದ ಆಕಾರ, ಹದವಾದ ಹೊಳಪು ನೋಡಿ ಗುರುತಿಸುತ್ತಾರೆ. ಅಕ್ಕ ಆ ಸಿಡಿಗಳನ್ನು ಈಗ ಕಪಾಟಿನಲ್ಲಿ ಪಾಸ್‌ಬುಕ್ಕುಗಳ ಜೊತೆ ಇಟ್ಟು ಬೀಗ ಹಾಕುತ್ತಾಳೆ.